ಅಪರೂಪದ ಎಡಿಟಿಂಗ್‌ಗೆ ಎಂಥ ಗ್ರಾಫಿಕ್ಸ್?

ತಿಂಗಳಿಗೊಮ್ಮೆ ಮನೆಯ ಸಮಾರಂಭದ ವಿಡಿಯೊ ಎಡಿಟ್ ಮಾಡಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪೇ ಬೇಕೆ?

ಹಾಗೇನಿಲ್ಲ. ಫೋನಿನ ವಿಡಿಯೊದಲ್ಲಿ ಪ್ರತಿ ಚಿತ್ರವೂ ಪೂರ್ತಿಯಾಗಿ ಇರುವುದಿಲ್ಲ. ಒಂದು ಪೂರ್ಣ ಫ್ರೇಮ್, ಅದರ ಬೆನ್ನಿಗೆ ಬದಲಾದ ಭಾಗಗಳ ವಿವರ ಮಾತ್ರ. ಎಚ್.264, ಎಚ್‌ಇವಿಸಿ ವಿಧಾನಗಳು ಫೈಲನ್ನು ಚಿಕ್ಕದಾಗಿಸುವುದು ಹೀಗೆಯೇ. ಟೈಮ್‌ಲೈನಿನ ನಡುವೆ ಎಲ್ಲೋ ಕ್ಲಿಕ್ಕಿಸಿದರೆ ಲ್ಯಾಪ್‌ಟಾಪ್ ಹಿಂದಿನ ಪೂರ್ಣ ಫ್ರೇಮಿಗೆ ಹೋಗಿ, ಅಲ್ಲಿಂದ ಚಿತ್ರ ಕಟ್ಟಿಕೊಂಡು ಬರಬೇಕು. ತಡವರಿಕೆ ಶುರುವಾಗುವುದು ಇಲ್ಲೇ.

ಈ ಕೆಲಸಕ್ಕೆಂದೇ ಇಂಟೆಲ್ 2011ರಲ್ಲಿ ಕ್ವಿಕ್ ಸಿಂಕ್ ಎಂಬ ಮೀಸಲು ಭಾಗವನ್ನು ಪ್ರೊಸೆಸರಿನೊಳಗೇ ಇಟ್ಟಿತು. ಎಎಂಡಿ, ಆಪಲ್ ಚಿಪ್‌ಗಳಲ್ಲೂ ಇಂಥದ್ದಿದೆ. ಕತ್ತರಿಸಿ ಜೋಡಿಸಲು, ಹೆಸರು ಹಾಕಲು, ಹಾಡು ಕೂಡಿಸಲು ಇಷ್ಟು ಧಾರಾಳ ಸಾಕು.

ಬಣ್ಣ ತಿದ್ದುವಾಗ, ಮಂದ ಬೆಳಕಿನ ದೃಶ್ಯದ ಕಾಳುಕಾಳು ತೆಗೆಯುವಾಗ ಲೆಕ್ಕ ಬದಲಾಗುತ್ತದೆ. 4ಕೆ ಫ್ರೇಮ್ ಒಂದರಲ್ಲೇ ಸುಮಾರು 83 ಲಕ್ಷ ಪಿಕ್ಸೆಲ್‌ಗಳು! ಮದುವೆಮನೆಯ ಅಡುಗೆಭಟ್ಟರು ಎಷ್ಟೇ ನುರಿತವರಾದರೂ ರಾಶಿ ತರಕಾರಿ ಹೆಚ್ಚಲು ಹತ್ತಾರು ಕೈಗಳು ಬೇಕು. ಪ್ರೊಸೆಸರ್ ಆ ಭಟ್ಟರಾದರೆ, ಗ್ರಾಫಿಕ್ಸ್ ಕಾರ್ಡಿನ ನೂರಾರು, ಸಾವಿರಾರು ಕೋರ್‌ಗಳು ಹೆಚ್ಚುವ ಕೈಗಳು. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶ ನೆಚ್ಚಿಕೊಂಡಿರುವುದು ಮುಖ್ಯವಾಗಿ ಈ ಕೈಗಳನ್ನೇ. ಅದರಲ್ಲಿ 4ಕೆ ಬಣ್ಣ ತಿದ್ದುವವರು ಪ್ರತ್ಯೇಕ ಕಾರ್ಡನ್ನೇ ಕೊಳ್ಳಲಿ. ವಿಡಿಯೊ ಮೆಮೊರಿ 6 ಅಥವಾ 8 ಜಿಬಿ ಇರಲಿ, ಏಕೆಂದರೆ ಲ್ಯಾಪ್‌ಟಾಪಿನಲ್ಲಿ ಅದನ್ನು ಆಮೇಲೆ ಹೆಚ್ಚಿಸಲಾಗದು.

ಉಳಿದವರು ಆ ಹಣವನ್ನು 16 ಜಿಬಿ ರ‍್ಯಾಮ್‌ಗೆ, ದೊಡ್ಡ ಎಸ್‌ಎಸ್‌ಡಿಗೆ ಹಾಕುವುದೇ ಜಾಣತನ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತನಗೆ ಬೇಕಾದ ಮೆಮೊರಿಯನ್ನು ಎರವಲು ಪಡೆಯುವುದು ಆ ರ‍್ಯಾಮಿನಿಂದಲೇ. 4ಕೆ ಇನ್ನೂ ತಡವರಿಸಿದರೆ ‘ಪ್ರಾಕ್ಸಿ’ ಸೌಲಭ್ಯವಿದೆ: ಹಗುರ ಪ್ರತಿಯ ಮೇಲೆ ಎಡಿಟ್ ಮಾಡಿದರೆ, ಕೊನೆಗೆ ತಂತ್ರಾಂಶ ಮೂಲ ವಿಡಿಯೊದಿಂದಲೇ ಫೈಲ್ ತಯಾರಿಸುತ್ತದೆ.