ಬೇಟೆ ಹೋಯಿತು, ಗುರಿ ಉಳಿಯಿತು

ಬಾಬಾಬುಡನ್‌ಗಿರಿಯ ಮಗ್ಗುಲಿನ ಅತ್ತಿಗುಂಡಿಯಂತಹ ಕಾಫಿ ಸೀಮೆಯ ಊರುಗಳಲ್ಲಿ ಕೋವಿಯೆಂಬುದು ಆಡಂಬರದ ವಸ್ತುವಲ್ಲ. ಬೆಳೆ ಕಾಯಲೆಂದು ಪರವಾನಗಿ ಪಡೆದು ಇಟ್ಟುಕೊಂಡ ಸಾಧನ. ಹಿಂದೆ ಕೋವಿಯಷ್ಟೇ ಅಕ್ಕರೆ ತೋಟಾದ ಮೇಲೂ ಇದ್ದಿತು. ಹಾರಿಸಿದ ಹಿತ್ತಾಳೆಯ ತೋಟಾವನ್ನು ಎಸೆಯದೆ, ಸಿಡಿದ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದು, ರಟ್ಟಿನ ಬಿಲ್ಲೆ, ಚರೆಗಳನ್ನು ಮತ್ತೆ ತುಂಬುತ್ತಿದ್ದರು. ಮದ್ದು ಮಿತಿಮೀರಿದರೆ ನಳಿಗೆಯೇ ಸಿಡಿದೀತು. ಆದುದರಿಂದ ತಾಳ್ಮೆಯೇ ಆ ಕೆಲಸದ ಮೊದಲ ಪಾಠವಾಗಿದ್ದಿತು.

ಕಾಲ ಬದಲಾಯಿತು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ಷಿಕಾರಿಯ ಮೋಜನ್ನು ಕೊನೆಗಾಣಿಸಿದವು. ಕೋವಿ ಗೋಡೆಯ ಗೂಟ ಸೇರಿತು.

ಆದರೆ ಗುರಿಯ ಚಟ ಬಿಟ್ಟೀತೆ? ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಂದಿಗೂ ನಡೆಯುತ್ತದೆ. ಇನ್ನು ಏರ್‌ರೈಫಲ್ ಪಂದ್ಯಕ್ಕೆ ಮದ್ದೇ ಬೇಡ. ತೋಟಾ ತುಂಬುವ ಗೊಡವೆಯೂ ಇಲ್ಲ. 10 ಮೀಟರು ದೂರದಲ್ಲಿ, ಗುರಿಹಲಗೆಯ ನಡುವಿನ ಅರ್ಧ ಮಿಲಿಮೀಟರಿನ ಚುಕ್ಕಿಯೇ ಲಕ್ಷ್ಯ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದುದು ಈ ಪಂದ್ಯದಲ್ಲಿಯೇ.

ಬಹುಕಾಲದ ಮೇಲೆ ಮರಳಿ ಗುರಿ ಹಿಡಿಯುವವನಿಗೆ ತೋಳು ನಡುಗಬಹುದು, ಕಣ್ಣು ಮಂಜಾಗಬಹುದು. ಆದರೂ ಉಸಿರನ್ನು ತಡೆದು, ಬೆರಳನ್ನು ಅವಸರಪಡಿಸದ ಹಳೆಯ ಸಂಯಮ ಅವನ ಕೈಬಿಡದು. ಈ ಬೇಟೆಯಲ್ಲಿ ಒಂದು ಜೀವವೂ ನೋಯುವುದಿಲ್ಲ.