ಬೇಲಿ ಬಿತ್ತು, ನೆರೆಮನಿ ಉಳಿಯಿತು!

ವಡಗಾವಿ: ಆಷಾಢದ ಮಳೆ. ಮಂಗಾಯಿ ಜಾತ್ರೆ ಮುಗಿದು ಇನ್ನೂ ವಾರ ಕಳೆದಿರಲಿಲ್ಲ. ನಡುರಾತ್ರಿ 'ಧಡ್' ಎಂದು ಒಂದೇ ಸಪ್ಪಳ. ಹಗಲು ರಾತ್ರಿ ಪಾವರ್‌ಲೂಮಿನ ಖಟಕ್-ಖಟಕ್ ಕೇಳುತ್ತಲೇ ಮಲಗುವ ಓಣಿ ಈ ಸಪ್ಪಳಕ್ಕೆ ಎದ್ದು ಕೂತಿತು. ಬೆಳಿಗ್ಗೆ ನೋಡಿದರೆ ಒಂದು ಹಿತ್ತಲದ ಕಟ್ಟಿಗೆಯ ಬೇಲಿ ಅಂಗಾತ ಮಲಗಿದೆ! ಅದರ ಮೈಮೇಲೆ ಹಬ್ಬಿದ್ದ ಹೀರೇಕಾಯಿ ಬಳ್ಳಿಯೂ ಕೆಸರಿನಲ್ಲಿ. ಪಕ್ಕದ ಮನೆಯ ಆಕಳಿಗೆ ಮಾತ್ರ ಹಬ್ಬ. ಮೆಂತ್ಯದ ಮಡಿಯೊಳಗೆ ನಿಂತು ಮೆಲುಕು ಹಾಕುತ್ತಿತ್ತು.

ಆ ಬೇಲಿಯ ಒಡತಿ ಎಪ್ಪತ್ತು ದಾಟಿದ ವಿಧವೆ. ಗಂಡ ಮಗ್ಗದ ಕೆಲಸಗಾರ. ಆತ ಬದುಕಿದ್ದಾಗ ಸ್ವತಃ ನಿಂತು ಹಾಕಿಸಿದ ಬೇಲಿ ಅದು. ಖಾನಾಪುರದ ಕಡೆಯಿಂದ ತರಿಸಿದ ಕಟ್ಟಿಗೆ, 12 ಕಂಬ, ಎರಡು ಸಾಲು ಅಡ್ಡಪಟ್ಟಿ, ನಿಲುವು ಹಲಗೆ. ಮೂವತ್ತು ಮಳೆಗಾಲ ಕಂಡ ಬೇಲಿ ಒಂದೇ ರಾತ್ರಿಗೆ ಮಲಗಿದ್ದು ಹೇಗೆ? ಅದಕ್ಕಿಂತ ದೊಡ್ಡ ಪ್ರಶ್ನೆ, ಇನ್ನು ಅದನ್ನು ಎಬ್ಬಿಸುವವರು ಯಾರು?

'ಗ್ವಾಡಿ ಕಟ್ಟೂಣ್ರಿ ಕಾಕೂ'

ಪಕ್ಕದ ಮನೆಯವ ಬಂದ. ಕೆಟ್ಟ ಮನುಷ್ಯನಲ್ಲ. ಆದರೆ ಅವಸರದ ಮನುಷ್ಯ.

"ಕಾಕೂ, ಇನ್ನ ಕಟಗಿ ಸಹವಾಸ ಬ್ಯಾಡ್ರಿ. ಇಟ್ಟಂಗಿ ಗ್ವಾಡಿ ಕಟ್ಟೂಣು. ಅರ್ಧಾ ಖರ್ಚ ನಿಮ್ದು, ಅರ್ಧಾ ನಂದು" ಎಂದ.

"ತಮ್ಮಾ, ಪೆನ್ಶನ್ ರೊಕ್ಕದಾಗ ಗ್ವಾಡಿ ಹ್ಯಾಂಗ ಏಳತೈತೋ? ಮತ್ತ ಆ ಗ್ವಾಡಿ ಯಾರ ಜಾಗಾದಾಗ ನಿಲ್ಲತೈತಿ?" ಎಂದಳು ಮುದುಕಿ.

ಅಲ್ಲಿಗೆ ಮಾತು ಕೆಟ್ಟಿತು. ಬೇಲಿ ತನ್ನ ಕಡೆಗೆ ಸರಿದಿದೆ ಎಂದು ಆತ. ಮನೆಯವರು ನಿಂತು ಹುಗಿಸಿದ ಕಂಬ ಒಂದು ಬೆರಳೂ ಸರಿದಿಲ್ಲ ಎಂದು ಈಕೆ. ಎರಡು ದಿನ ಎರಡು ಮನೆಯ ನಡುವೆ ಮಾತಿಲ್ಲ. ಹಬ್ಬಕ್ಕೆ ಹೋಳಿಗೆ ದಾಟಿಸುತ್ತಿದ್ದ ಬೇಲಿ ಬಿದ್ದ ಮೇಲೆಯೇ ನಡುವೆ ಗೋಡೆ ಎದ್ದಂತಾಯಿತು!

ಮ್ಯಾಲ ಸಾಗವಾನಿ, ಕೆಳಗ ಭೂಸಾ

ಮೂರನೇ ದಿನ ಒಬ್ಬ ಹಳೇ ಬಡಿಗ ಬಂದ. ಕೈಯಲ್ಲಿ ಒಂದು ಸ್ಕ್ರೂಡ್ರೈವರ್, ಅಷ್ಟೇ. ಒಂದೊಂದೇ ಕಂಬದ ಬುಡಕ್ಕೆ ಚುಚ್ಚುತ್ತ ಹೋದ. ಎಂಟು ಕಂಬಗಳಲ್ಲಿ ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ನಾಲ್ಕರಲ್ಲಿ ಮಾತ್ರ 'ಟಣ್' ಎಂದಿತು.

"ನೋಡ್ರಿ, ಮ್ಯಾಲ ಸಾಗವಾನಿ, ಕೆಳಗ ಭೂಸಾ" ಎಂದು ನಕ್ಕ.

ಕಟ್ಟಿಗೆಯ ಬೇಲಿಯ ರೋಗವೆಲ್ಲ ನೆಲ ಮುಟ್ಟುವ ಜಾಗದಲ್ಲಿಯೇ. ಕಟ್ಟಿಗೆಯನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಕಟ್ಟಿಗೆಯಲ್ಲಿ ತೇವ ಸುಮಾರು 20 ಪ್ರತಿಶತ ಮೀರಿತೆಂದರೆ ಅದರ ಊಟ ಶುರು. ಆಳದ ಮಣ್ಣಿನಲ್ಲಿ ನೀರಿದ್ದರೂ ಗಾಳಿ ಕಡಿಮೆ. ನೆಲದ ಮೇಲೆ ಗಾಳಿಯಿದ್ದರೂ ಬಿಸಿಲಿಗೆ ಕಟ್ಟಿಗೆ ಒಣಗುತ್ತದೆ. ಎರಡೂ ಸೇರುವುದು ನೆಲಮಟ್ಟದ ನಾಲ್ಕು ಬೆರಳಿನಲ್ಲಿ. ಅಲ್ಲಿಯೇ ಒರಲಿಯೂ ಹತ್ತುತ್ತದೆ. ಬೆಳಗಾವಿಯಂಥ ಮಳೆಯೂರಿನಲ್ಲಿ, ಭತ್ತದ ಗದ್ದೆಗೆ ಹತ್ತಿದ ವಡಗಾವಿಯ ಹಸಿ ನೆಲದಲ್ಲಿ ಕೇಳಬೇಕೇ? 2019ರ ಆಗಸ್ಟ್ ಮಳೆಯಲ್ಲಿ ಬಳ್ಳಾರಿ ನಾಲೆ ಉಕ್ಕಿದ್ದನ್ನು ಈ ಭಾಗದವರು ಇನ್ನೂ ಮರೆತಿಲ್ಲ.

ಸಾಗವಾನಿ ಎಂದರೆ ಸಾಯುವುದೇ ಇಲ್ಲ ಎಂಬ ನಂಬಿಕೆಯೂ ಅರ್ಧ ಸತ್ಯ. ಗಟ್ಟಿ ಇರುವುದು ಅದರ ಒಳಗಿನ ಕೆಂಗಂದು ತಿರುಳು. ಹೊರಗಿನ ಬಿಳಿ ಭಾಗ ಬೇರೆ ಕಟ್ಟಿಗೆಯಂತೆಯೇ ಬೇಗ ಕೊಳೆಯುತ್ತದೆ. ಅಗ್ಗವೆಂದು ಬಿಳಿ ಕಂಬ ತಂದವರು ಐದಾರು ಮಳೆಗಾಲದಲ್ಲಿ ಮತ್ತೆ ಅಡ್ಡೆಯ ದಾರಿ ಹಿಡಿಯುತ್ತಾರೆ.

ಔಷಧ ನಮ್ಮ ದೇಶದ್ದೇ!

ಕಂಬಕ್ಕೆ ಡಾಂಬರು ಬಳಿಯುವುದು, ಹಳೇ ಇಂಜಿನ್ ಆಯಿಲ್ ಹಚ್ಚುವುದು ಇಲ್ಲಿಯ ರೂಢಿ. ಹೊರಮೈಗೆ ಅಷ್ಟೋ ಇಷ್ಟೋ ಉಪಯೋಗ, ಒಳಗೆ ಇಳಿಯುವುದಿಲ್ಲ. ಮೇಲಾಗಿ ಆ ಎಣ್ಣೆ ಮಳೆಗೆ ತೊಳೆದು ಕಾಯಿಪಲ್ಲೆ ಮಡಿಗೇ ಇಳಿಯುತ್ತದೆ.

ಕಟ್ಟಿಗೆಯ ಒಳಕ್ಕೆ ಔಷಧ ಇಳಿಸುವ ಹೆಸರಾಂತ ವಿಧಾನವನ್ನು ಜಗತ್ತಿಗೆ ಕೊಟ್ಟವರು ನಮ್ಮವರೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಅದನ್ನು ಕಂಡುಹಿಡಿದರು. ದೇಶ ವಿದೇಶದ ವಿದ್ಯುತ್ ಕಂಬ, ಬೇಲಿಗಂಬಗಳು ಅದರಿಂದ ದಶಕಗಟ್ಟಲೆ ಬಾಳಿದವು. ಆದರೆ ಆರ್ಸೆನಿಕ್ ಎಂದರೆ ಪಾಷಾಣ. ಮಕ್ಕಳು ಮುಟ್ಟುವ ಜಾಗಕ್ಕೆ ಬೇಡವೆಂದು ಅಮೆರಿಕದಲ್ಲಿ ಮನೆಗೆಲಸದ ಕಟ್ಟಿಗೆಗೆ ಅದನ್ನು ಬಳಸುವುದನ್ನು 2003ರ ಕೊನೆಗೆ ಕಂಪನಿಗಳೇ ನಿಲ್ಲಿಸಿದವು. ಹಾಗೆ ಔಷಧ ಕುಡಿಸಿದ ಹಳೇ ಕಟ್ಟಿಗೆ ಸಿಕ್ಕರೆ ಒಲೆಗೆ ಮಾತ್ರ ಹಾಕಬಾರದು. ಹೊಗೆಯೂ ವಿಷ, ಬೂದಿಯೂ ವಿಷ.

ಕಲ್ಲಿನ ಕಾಲು, ಕಟ್ಟಿಗೆಯ ಮೈ

ಬಡಿಗ ಹೇಳಿದ ಮದ್ದು ಸರಳ. "ಎಲ್ಲಾ ಕಿತ್ತ ಒಗೀಬ್ಯಾಡ್ರಿ. ಬುಡ ಅಷ್ಟ ಕೊಯ್ಯೂಣು. ಕಲ್ಲಿನ ಕಾಲ ಕೊಡೂಣು."

ಕೊಳೆತ ಭಾಗ ಕೊಯ್ದು, ಮೊಳಕಾಲೆತ್ತರದ ಕಲ್ಲಿನ ಗೂಟ ನೆಲದಲ್ಲಿ ಗಟ್ಟಿಯಾಗಿ ಹುಗಿದು, ಅದಕ್ಕೆ ಹಳೇ ಕಂಬವನ್ನು ಎರಡು ಬೋಲ್ಟಿನಿಂದ ಬಿಗಿಯಬೇಕು. ಕಟ್ಟಿಗೆ ನೆಲಕ್ಕೆ ತಾಗಬಾರದು. ಗುಂಡಿಯ ತಳಕ್ಕೆ ಖಡಿ ಹಾಕಿದರೆ ನೀರು ಇಳಿಯುತ್ತದೆ. ಮೇಲೆ ಸಿಮೆಂಟ್ ಹಾಕಿದರೆ ಇಳಿಜಾರು ಕೊಡಬೇಕು. ಬಟ್ಟಲಿನಂತೆ ಬಿಟ್ಟರೆ ಕಂಬವನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದ ಹಾಗೆಯೇ. ಹಲಗೆಯ ಕೆಳತುದಿ ನೆಲದಿಂದ ಎರಡಿಂಚು ಮೇಲಿರಲಿ. ಕಂಬದ ತಲೆ ಓರೆಯಾಗಿ ಕೊಯ್ದಿರಲಿ. ಮೊಳೆ ಸತುವು ಲೇಪಿಸಿದ್ದಾಗಲಿ.

ಎಂಟರಲ್ಲಿ ಒಂದು ಕಂಬ ತಿರುಳೇ ಇಲ್ಲದ್ದು; ಅದು ಒಲೆಗೆ ಹೋಯಿತು, ಆ ಜಾಗಕ್ಕೆ ಉದ್ದನೆಯ ಕಲ್ಲಿನ ಕಂಬವೇ ಬಂತು. ಉಳಿದ ಏಳಕ್ಕೆ ಕಲ್ಲಿನ ಕಾಲು. ಹಲಗೆಗಳಲ್ಲಿ ಬಹುಪಾಲು ಇನ್ನೂ ಗಟ್ಟಿ.

ಗುಂಡಿಯಲ್ಲಿ ಸಿಕ್ಕ ಸಾಕ್ಷಿ

ಆದರೆ ಜಗಳ? ಅದನ್ನು ಮುಗಿಸಿದ್ದು ಬಡಿಗನೂ ಅಲ್ಲ, ಪಂಚರೂ ಅಲ್ಲ. ಮೂಲೆಯ ಕಂಬಕ್ಕೆ ಗುಂಡಿ ಅಗೆಯುವಾಗ ಹಾರೆ ಒಂದು ಕಲ್ಲಿಗೆ ತಾಗಿತು. ಮಣ್ಣು ಸರಿಸಿದರೆ ಹಳೇ ಗಡಿಕಲ್ಲು! ಅದು ಇದ್ದದ್ದು ಬೇಲಿಯಿಂದ ಒಂದು ಗೇಣು ಆಚೆ, ಪಕ್ಕದ ಮನೆಯ ಕಡೆಗೆ. ಇನ್ನೊಂದು ಮೂಲೆಯಲ್ಲಿಯೂ ಹಾಗೆಯೇ. ಉತಾರದ ಅಳತೆಗೆ ಟೇಪು ಹಿಡಿದು ನೋಡಿದರು. ತಾಳೆಯಾಯಿತು.

ಅಂದರೆ ಆ ನೇಕಾರ ಬೇಲಿ ಹಾಕುವಾಗ ಗೇಣು ಜಾಗವನ್ನು ತಾನಾಗಿಯೇ ಬಿಟ್ಟು, ತನ್ನ ನೆಲದೊಳಗೆ ಕಂಬ ಹುಗಿದಿದ್ದ. ಮುಂದೆ ತಂಟೆ ಬೇಡವೆಂದು. ಹೆಂಡತಿಗೂ ಹೇಳಿರಲಿಲ್ಲ.

ಪಕ್ಕದ ಮನೆಯವ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ, "ಕಾಕೂ, ಕಲ್ಲಿಂದೆಲ್ಲಾ ಖರ್ಚ ನಂದು. ಆಕಳಾ ಕಟ್ಟೂದೂ ನಂದು" ಎಂದ.

"ಬೇಲಿ ಇದ್ದಲ್ಲೇ ಇರಲಿ ತಮ್ಮಾ. ಅವರ ಇಟ್ಟದ್ದ ಜಾಗಾ" ಎಂದಳು ಮುದುಕಿ.

ಎಲ್ಲರ ಗುಂಡಿಯಲ್ಲಿಯೂ ಕಲ್ಲು ಸಿಗುವುದಿಲ್ಲ. ಬೇಲಿ ಕೀಳುವ ಮೊದಲೇ ಇಬ್ಬರೂ ಕೂಡಿ ಅಳತೆ ನೋಡಬೇಕು. ಸಂಶಯವಿದ್ದರೆ ಸರ್ವೆ ಕಚೇರಿಗೆ ಅರ್ಜಿ ಕೊಟ್ಟು ಹದ್ದು ಗುರುತಿಸಿಕೊಳ್ಳುವ ದಾರಿಯಿದೆ. ಗಡಿಕಲ್ಲು ಕಿತ್ತು ಸರಿಸುವುದು ಮಾತ್ರ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಶಿಕ್ಷಾರ್ಹ.

ಶ್ರಾವಣದಲ್ಲಿ ಮಳೆ ಬಿಡುವು ಕೊಟ್ಟ ಎರಡು ದಿನದಲ್ಲಿ ಕೆಲಸ ಮುಗಿಯಿತು. ಗಣಪತಿ ಹಬ್ಬದ ಹೊತ್ತಿಗೆ ಹೀರೇ ಬಳ್ಳಿ ಮತ್ತೆ ಹಲಗೆ ಏರಿತ್ತು. ಬೇಲಿಯ ಮೇಲಿಂದ ಕಡುಬಿನ ಡಬ್ಬಿ ಅತ್ತ ಹೋಯಿತು, ಹಾಲಿನ ತಂಬಿಗೆ ಇತ್ತ ಬಂತು.

ಹೋಗುವಾಗ ಬಡಿಗ ಓಣಿಯವರಿಗೆಲ್ಲ ಒಂದು ಮಾತು ಹೇಳಿ ಹೋದ: "ಬ್ಯಾಸಗ್ಯಾಗ ಒಮ್ಮೆ ಬುಡಕ್ಕ ಚುಚ್ಚಿ ನೋಡ್ರಿ. ಮಳ್ಯಾಗ ಬಿದ್ದ ಮ್ಯಾಲ ನನ್ನ ಕರದ್ರ ಕೂಲಿ ಡಬಲ್!"