ಬಂಗು, ಬೇರು ಮತ್ತು ಟೆಕ್ಸಾಸ್ ಬಿಸಿಲು

ಟೆಕ್ಸಾಸಿನ ಬೇಸಿಗೆಗೆ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಅನ್ನೋ ಭೇದವಿಲ್ಲ. 2011ರಲ್ಲಿ ಆಸ್ಟಿನ್ನಿನಲ್ಲಿ 90 ದಿನ ಉಷ್ಣಾಂಶ ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು! ಮುಖದಲ್ಲಿ ಬಂಗು ಇರುವವರಿಗಂತೂ ಈ ಬಿಸಿಲು ಶತ್ರು. ಅರಿಶಿನ, ಅತಿಮಧುರ, ಮಂಜಿಷ್ಠ ಅರೆದು ಮನೆಯಲ್ಲೇ ಕ್ರೀಮು ಮಾಡಿ ನಾಲ್ಕು ಜನಕ್ಕೆ ಮಾರಿದರೆ ಹೇಗೆ ಅಂತ ನಮ್ಮವರಿಗೆ ಅನ್ನಿಸೋದು ಸಹಜವೇ. ಬೆಂಗಳೂರಿನ ಹಿಮಾಲಯ ಕಂಪನಿಯ ಅಮೆರಿಕದ ಶಾಖೆ ಇರೋದೂ ಹ್ಯೂಸ್ಟನ್ ಪಕ್ಕದ ಶುಗರ್‌ಲ್ಯಾಂಡಿನಲ್ಲೇ ತಾನೆ?

ಆದರೆ ಬಂಗು ಅಂದರೆ ಉಜ್ಜಿದರೆ ಹೋಗುವ ಕೊಳೆಯಲ್ಲ. ಬಿಸಿಲು, ಬಸಿರು, ಗರ್ಭನಿರೋಧಕ ಮಾತ್ರೆ, ವಂಶದ ಗುಣ... ಇವುಗಳಿಂದ ಚರ್ಮದ ಕೆಲವು ಕಡೆ ಮೆಲನಿನ್ ಹೆಚ್ಚಾಗಿ ತಯಾರಾಗುತ್ತೆ. ಆ ತಯಾರಿಕೆಗೆ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಅತಿಮಧುರದ ಬೇರಿನಲ್ಲಿರುವ ಗ್ಲಾಬ್ರಿಡಿನ್ ಈ ಕಿಣ್ವವನ್ನು ತಡೆಯುತ್ತೆ. ಅಂದರೆ ಅಜ್ಜಿ ಮದ್ದು ಪೂರಾ ಸುಳ್ಳಲ್ಲ!

ತೊಡಕು ಇರೋದು ಅಳತೆಯಲ್ಲಿ. ಒಂದು ಬೇರಿನಲ್ಲಿದ್ದಷ್ಟು ಗ್ಲಾಬ್ರಿಡಿನ್ ಇನ್ನೊಂದರಲ್ಲಿರಲ್ಲ. ನೀರು ಸೇರಿದ ಕ್ರೀಮು ಕೆಡದಂತೆ ಸಂರಕ್ಷಕ ಹಾಕದಿದ್ದರೆ ಬೂಷ್ಟು ಬರುತ್ತೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಇನ್ನೂ ಕಪ್ಪಾಗಬಹುದು. ಬಾವಂಚಿ ಬೀಜವನ್ನು ತೊನ್ನಿಗೆ ಬಳಸೋದೇ ಅದು ಬಿಸಿಲಿನ ಜೊತೆ ಸೇರಿ ಬಣ್ಣ ತರಿಸುತ್ತೆ ಅಂತ. ಬಂಗಿಗೆ ಹಚ್ಚಿದರೆ ಏನಾದೀತು, ನೀವೇ ಯೋಚಿಸಿ. ಗಿಡಮೂಲಿಕೆ ಅಂದಾಕ್ಷಣ ಸಾಧು ಹಸುವೇನಲ್ಲ.

ವಾರದಲ್ಲೇ ಬೆಳ್ಳಗೆ ಮಾಡ್ತೀವಿ ಅನ್ನುವ ಡಬ್ಬಿಗಳ ಬಗ್ಗೆಯಂತೂ ಎಚ್ಚರ! 1995-96ರಲ್ಲಿ ಟೆಕ್ಸಾಸ್, ನ್ಯೂ ಮೆಕ್ಸಿಕೋ, ಕ್ಯಾಲಿಫೋರ್ನಿಯಾಗಳಲ್ಲಿ ಮೆಕ್ಸಿಕೋದಲ್ಲಿ ತಯಾರಾದ ಸೌಂದರ್ಯದ ಕ್ರೀಮೊಂದನ್ನು ಹಚ್ಚಿಕೊಂಡವರ ಮೈಗೆ ಪಾದರಸ ಸೇರಿತ್ತು. ಅಮೆರಿಕದಲ್ಲಿ 2020ರಿಂದ ಹೈಡ್ರೋಕ್ವಿನೋನ್ ಕೂಡ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. "ಬಂಗು ವಾಸಿಮಾಡುತ್ತೆ" ಅಂತ ಡಬ್ಬಿಯ ಮೇಲೆ ಬರೆದರೆ ಕಾನೂನಿನ ಕಣ್ಣಿಗೆ ನಿಮ್ಮ ಕ್ರೀಮು ಔಷಧಿ. ಔಷಧಿಯ ನಿಯಮಗಳೆಲ್ಲ ಹೆಗಲೇರುತ್ತವೆ. 2022ರ ಕಾನೂನಿನಲ್ಲಿ ಸಣ್ಣ ತಯಾರಕರಿಗೆ ನೋಂದಣಿಯ ವಿನಾಯಿತಿ ಇದೆ, ಸರಿ. ಆದರೆ ಉತ್ಪನ್ನ ಸುರಕ್ಷಿತ ಅನ್ನೋದಕ್ಕೆ ಪುರಾವೆ ಇಟ್ಟುಕೊಳ್ಳಲೇಬೇಕು.

ಇಷ್ಟೆಲ್ಲ ಮಾಡಿದರೂ ಬಿಸಿಲಿಗೆ ಮುಖವೊಡ್ಡಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತೆ. ಅದಕ್ಕೇ ಕಬ್ಬಿಣದ ಆಕ್ಸೈಡ್ ಇರುವ, ಚರ್ಮದ ಬಣ್ಣದ್ದೇ ಸನ್‌ಸ್ಕ್ರೀನ್ ಹಚ್ಚಿ, ಜೊತೆಗೊಂದು ಅಗಲ ಟೋಪಿ ಹಾಕಿ ಅನ್ನೋದು. ಕ್ರೀಮು ಮಾಡಲು ಹೊರಟವರಿಗೂ ಒಂದು ಮಾತು: ಬೆಳ್ಳಗೆ ಮಾಡ್ತೀವಿ ಅನ್ನಬೇಡಿ. ಕಲೆ ತಿಳಿಯಾಗಿ ನಮ್ಮ ಬಣ್ಣ ನಮಗೆ ಮರಳಿದರೆ ಸಾಕಲ್ಲವೇ?